ಎರಡು ಚಕ್ರದ ರೋಬೋ ಕಾರ್ ಕಿಟ್: ವರ್ಷಗಟ್ಟಲೆ ಓಡಿಸಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಕಳೆದ ಒಂದು ಸ್ಟಾರ್ 9 ವೋಲ್ಟ್ ಬ್ಯಾಟರಿ ಕ್ಲಿಪ್ಪಿಗೆ.

ಕಿಟ್ ಜೊತೆ ಬರುವ ಆ ಕ್ಲಿಪ್ಪನ್ನು ಮೊದಲ ದಿನವೇ ಎತ್ತಿಡಿ. ಆ ಚೌಕದ ಬ್ಯಾಟರಿ ಮಲ್ಟಿಮೀಟರಿಗೆ ಸರಿ, ಮೋಟಾರಿಗೆ ಅಲ್ಲ. ಚಕ್ರ ಹೊರಡುವಾಗ ಮೋಟಾರ್ ಕೇಳುವಷ್ಟು ಕರೆಂಟ್ ಅದರ ಕೈಲಿ ಆಗಲ್ಲ. ವೋಲ್ಟೇಜ್ ಕುಸಿಯುತ್ತದೆ, ಪ್ರೋಗ್ರಾಮ್ ಓಡಿಸುವ ಬೋರ್ಡ್ ರೀಸೆಟ್ ಆಗುತ್ತದೆ, ಕಾರು ಗೇಣುದ್ದ ಹೋಗಿ ನಿಲ್ಲುತ್ತದೆ. ನಾವೋ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತೇವೆ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಎರಡು 18650 ಲಿಥಿಯಂ ಸೆಲ್, ಒಂದು ಹೋಲ್ಡರ್, ಒಂದು ಒಳ್ಳೆಯ ಚಾರ್ಜರ್ ತಂದರೆ ಈ ಕಾಟ ತಪ್ಪುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಾವಿರದ ಚಿಲ್ಲರೆಗೆ ತಂದ ಕಿಟ್ ಇದು. ಅಕ್ರಿಲಿಕ್ ಹಲಗೆ, ಎರಡು ಹಳದಿ ಗೇರ್ ಮೋಟಾರ್, ಆರ್ಡುಯಿನೊ ಉನೊ ಮಾದರಿಯ ಬೋರ್ಡ್, ಮೋಟಾರಿಗೆ ಕರೆಂಟ್ ಹಾಯಿಸುವ ಎಲ್298ಎನ್ ಡ್ರೈವರ್, ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್, ಅದನ್ನು ಅತ್ತಿತ್ತ ತಿರುಗಿಸಲು ಪುಟ್ಟ ಸರ್ವೋ ಮೋಟಾರ್. ಹಲಗೆಗೆ ಅಂಟಿದ ಕಂದು ಕಾಗದ ಸುಲಿಯಲು ಅರ್ಧ ಸಂಜೆ ಬೇಕು. ಸ್ಯಾಂಪಲ್ ಪ್ರೋಗ್ರಾಮ್ ಸಿ.ಡಿ.ಯಲ್ಲಿದೆ. ಈಗ ಯಾರ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಡ್ರೈವ್ ಇದೆ, ಹೇಳಿ?

ಆ ಪ್ರೋಗ್ರಾಮ್ ಸಿಗದಿದ್ದರೂ ನಷ್ಟವಿಲ್ಲ. ಅದನ್ನು ಹಾಕಿದಾಗ ಕಾರು ಖಾಲಿ ಕೋಣೆಯ ನಡುವೆ ಏನನ್ನೋ ಕಂಡು ಹೆದರಿದಂತೆ ಹಿಂದೆ ಸರಿಯುತ್ತಿತ್ತು. ಕಾರಣ ಮಜವಾಗಿದೆ. ಸೆನ್ಸರ್ 40 ಕಿಲೊಹರ್ಟ್ಸ್ ಸದ್ದು ಬಿಡುತ್ತದೆ, ಅದು ತಿರುಗಿ ಬರುವ ಹೊತ್ತನ್ನು ನಾವು ಪಲ್ಸ್‌ಇನ್ ಫಂಕ್ಷನ್ನಿನಿಂದ ಅಳೆಯುತ್ತೇವೆ. ಗಡುವಿನೊಳಗೆ ಅಳತೆ ಸಿಗದಿದ್ದರೆ ಆ ಫಂಕ್ಷನ್ 0 ಕೊಡುತ್ತದೆ. ಪ್ರೋಗ್ರಾಮ್ ಬರೆದವರು '20 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಹಿಂದೆ ಹೋಗು' ಎಂದಿದ್ದಾರೆ. 0 ಕೂಡ 20ಕ್ಕಿಂತ ಕಡಿಮೆ ಅಲ್ವಾ! ಗಡುವು ಕೊಡದಿದ್ದರೆ ಪಲ್ಸ್‌ಇನ್ ಒಂದು ಸೆಕೆಂಡಿನವರೆಗೂ ಕಾಯುತ್ತದೆ, ಅಷ್ಟರಲ್ಲಿ ಕಾರು ಸೋಫಾಕ್ಕೆ ಗುದ್ದಿರುತ್ತದೆ. ಗಡುವನ್ನು 25,000 ಮೈಕ್ರೊಸೆಕೆಂಡ್ ಮಾಡಿ, 0 ಬಂದರೆ 'ಎದುರಿಗೆ ದಾರಿ ಇದೆ' ಎಂದು ಬರೆದೆ. ಸೆನ್ಸರಿನ ಅಳತೆಯ ಮಿತಿಯೇ ಸುಮಾರು 4 ಮೀಟರ್, ಅದಕ್ಕೆ ಇಷ್ಟು ಸಾಕು. ಆದರೂ ಕುರ್ಚಿಯ ತೆಳು ಕಾಲು ಎಷ್ಟೋ ಸಲ ಕಾಣುವುದೇ ಇಲ್ಲ. ಪರದೆ ಸದ್ದನ್ನು ನುಂಗುತ್ತದೆ. ಓರೆಯಾಗಿ ಬಂದರೆ ಗೋಡೆಯೂ ಸದ್ದನ್ನು ಬೇರೆ ಕಡೆಗೆ ತಳ್ಳಿಬಿಡುತ್ತದೆ.

ಇನ್ನೊಂದು ತಲೆನೋವು ವೈರಿಂಗ್ ಚಿತ್ರದ್ದು. ಮೋಟಾರ್ ವೇಗದ ವೈರ್‌ಗಳನ್ನು 9 ಮತ್ತು 10ನೇ ಪಿನ್ನಿಗೆ ಹಾಕಿ ಎನ್ನುತ್ತದೆ. ಉನೊದಲ್ಲಿ ಸರ್ವೋ ಲೈಬ್ರರಿ (ಸರ್ವೋ ತಿರುಗಿಸುವ ಸಿದ್ಧ ಕೋಡ್) ಬಳಸಿದರೆ ಆ ಎರಡೂ ಪಿನ್ನಿನಲ್ಲಿ ಪಿಡಬ್ಲ್ಯೂಎಂ, ಅಂದರೆ ಕರೆಂಟನ್ನು ಬೇಗ ಬೇಗ ಆನ್-ಆಫ್ ಮಾಡಿ ವೇಗ ಹೊಂದಿಸುವ ವಿಧಾನ, ಕೆಲಸ ಮಾಡಲ್ಲ. 5 ಮತ್ತು 6ಕ್ಕೆ ಬದಲಾಯಿಸಿ, ಚಕ್ರ ಮಾತು ಕೇಳುತ್ತದೆ.

ಇಷ್ಟೆಲ್ಲ ರಗಳೆ ಇದ್ದೂ ಕಿಟ್ ಅಟ್ಟ ಸೇರಲಿಲ್ಲ. ಅದಕ್ಕೆ ಕಾರಣ ಆಮೇಲೆ ಸೇರಿಸಿದ ಎರಡು ಎಲ್‌ಡಿಆರ್. ಬೆಳಕಿಗೆ ಸ್ಪಂದಿಸುವ ಇವಕ್ಕೆ ಬೆಲೆ ಕೆಲವೇ ರೂಪಾಯಿ. ಎಡಗಡೆಯ ಬೆಳಕು ಜಾಸ್ತಿಯಾದರೆ ಎಡ ಚಕ್ರ ಜೋರು, ಬಲಗಡೆಯದಕ್ಕೆ ಬಲ ಚಕ್ರ. ಎಲ್‌ಡಿಆರ್‌ನಿಂದ ಬೋರ್ಡ್ ಓದುವ ಸಂಖ್ಯೆ 0ರಿಂದ 1023, ವೇಗಕ್ಕೆ ಬೇಕಿರುವುದು 0ರಿಂದ 255, ಅಂದರೆ ನಾಲ್ಕರಿಂದ ಭಾಗಿಸಿದರೆ ಮುಗಿಯಿತು. ಟಾರ್ಚ್ ಹಿಡಿದರೆ ಕಾರು ಮುಖ ತಿರುಗಿಸಿ ಓಡುತ್ತದೆ. ಈಗ ಎಡ-ಬಲ ಅದಲು ಬದಲು ಮಾಡಿ. ಅದೇ ಕಾರು ಟಾರ್ಚಿನ ಮೇಲೇ ನುಗ್ಗಿ ಬರುತ್ತದೆ. 'ಇದಕ್ಕೇನು ಹುಚ್ಚು ಹಿಡಿದಿದೆಯಾ' ಎಂದು ಅಮ್ಮ ಕಾಲು ಮೇಲೆತ್ತಿ ಕೂತರು. ಬದಲಾಗಿದ್ದು ಪ್ರೋಗ್ರಾಮಿನ ಬರೀ ಎರಡು ಸಾಲು! ನರವಿಜ್ಞಾನಿ ವಲೆಂಟಿನೊ ಬ್ರೈಟನ್‌ಬರ್ಗ್ 1984ರಲ್ಲೇ ಇಂಥ ಗಾಡಿಗಳನ್ನು ಕಾಗದದ ಮೇಲೆ ಕಲ್ಪಿಸಿದ್ದರು. ಒಂದಕ್ಕೆ ಭಯ, ಇನ್ನೊಂದಕ್ಕೆ ಆಕ್ರಮಣ ಎಂದು ಸ್ವಭಾವವನ್ನೂ ಹಚ್ಚಿದ್ದರು. ನೆಲದ ಗೆರೆ ಹಿಡಿದು ಹೋಗುವ ಲೈನ್ ಫಾಲೋವರ್ ನನಗೆ ಬೇಗ ಬೋರ್ ಆಯಿತು, ಇದು ಇನ್ನೂ ಆಗಿಲ್ಲ.

ಬಾಳಿಕೆ ಬಗ್ಗೆ. ಬೋರ್ಡ್, ಸರ್ವೋ ಎರಡೂ ಗಟ್ಟಿ. ಎಲ್298ಎನ್ ಸುಮಾರು 2 ವೋಲ್ಟನ್ನು ಶಾಖ ಮಾಡಿ ಕಳೆಯುತ್ತದೆ, ಅದರ ಬದಲು ಟಿಬಿ6612 ಡ್ರೈವರ್ ಹಾಕಿದ ಮೇಲೆ ಅದೇ ಸೆಲ್ ಹೆಚ್ಚು ಹೊತ್ತು ಬರುತ್ತಿದೆ. ಮೋಟಾರಿನ ತಾಮ್ರದ ಕಿವಿ ಮಾತ್ರ ವೈರ್ ಎಳೆದರೆ ಮುರಿಯುತ್ತದೆ, ಬೆಸುಗೆಯ ಮೇಲೆ ಬಿಸಿ ಅಂಟು ಹಾಕಿಸಿ. ಹಿಂದೆ ಆಧಾರಕ್ಕಿರುವ ಪುಟ್ಟ ಚಕ್ರಕ್ಕೆ ಕೂದಲು ಸುತ್ತಿಕೊಳ್ಳುತ್ತದೆ, ಆಗಾಗ ಕತ್ತರಿ ಹಾಕಬೇಕು. ಕೊಳ್ಳುವಾಗಲೇ ಇನ್ನೊಂದು ಜೋಡಿ ಮೋಟಾರ್ ತಂದಿಟ್ಟುಕೊಳ್ಳಿ.