1914-ಡಿ ಪೆನ್ನಿ: ತೂಕ ಸರಿ, ನಾಣ್ಯ ಖೋಟಾ

ಅಮೆರಿಕದ ಹಳೇ ತಾಮ್ರದ ಪೆನ್ನಿ ಕೊಳ್ಳುವವರು ಇದನ್ನು ಓದಿ. ಆನ್‌ಲೈನಿನಲ್ಲಿ 1914-ಡಿ ಲಿಂಕನ್ ಪೆನ್ನಿ (ಲಿಂಕನ್ ಚಿತ್ರದ ಒಂದು ಸೆಂಟಿನ ನಾಣ್ಯ; 'ಡಿ' ಅಂದರೆ ಡೆನ್ವರ್ ಟಂಕಸಾಲೆಯ ಗುರುತು) ಅಂತ ಮಾರಾಟವಾದ ನಾಣ್ಯವೊಂದು ಈಚೆಗೆ ಪರಿಶೀಲನೆಗೆ ಬಂತು. ಕೊಂಡವರು ಅಯಸ್ಕಾಂತ ಹಿಡಿದು ನೋಡಿದ್ದರು, ಅಂಟಲಿಲ್ಲ. ತೂಗಿದ್ದರು, 3.1 ಗ್ರಾಂ. ಎರಡೂ ಸರಿ. ಆದರೆ ಅದು ಇಸವಿ ತಿದ್ದಿದ 1944-ಡಿ. ಗೊತ್ತಾಗುವಷ್ಟರಲ್ಲಿ ವಾಪಸ್ ಮಾಡುವ ಗಡುವು ಮುಗಿದಿತ್ತು, ಮಾರಿದವರು ದುಡ್ಡು ಕೊಡಲಿಲ್ಲ.

ಡೆನ್ವರ್ ಟಂಕಸಾಲೆ 1914ರಲ್ಲಿ ಹೊಡೆದದ್ದು 11.93 ಲಕ್ಷ ಪೆನ್ನಿ, 1944ರಲ್ಲಿ 43 ಕೋಟಿ. ಎರಡರಲ್ಲೂ ತಾಮ್ರ ಶೇ. 95, ತೂಕ 3.11 ಗ್ರಾಂ. ತಕ್ಕಡಿ ಹೇಳುವುದು ಲೋಹದ ವಿಚಾರ ಮಾತ್ರ. ಇಸವಿಯ ವಿಚಾರ ಅದಕ್ಕೆ ತಿಳಿಯದು.

ಮೋಸ ಮಾಡುವುದು ಹೀಗೆ: ಮೊದಲ 4ರ ಎಡಭಾಗ ಕೆರೆದು, ನಿಂತ ಗೆರೆಯನ್ನು 1 ಅಂತ ತೋರಿಸುತ್ತಾರೆ. ಆಗ 9 ಮತ್ತು 1ರ ನಡುವೆ ಅಸಲಿಯಲ್ಲಿಲ್ಲದ ಅಗಲದ ಸಂದು ಉಳಿಯುತ್ತದೆ. ಇನ್ನೂ ಗಟ್ಟಿ ಸಾಕ್ಷಿ ಲಿಂಕನ್ ಹೆಗಲ ಕೆಳಗಿದೆ. ವಿನ್ಯಾಸಕಾರ ವಿಕ್ಟರ್ ಡೇವಿಡ್ ಬ್ರೆನ್ನರ್ ಅವರ 'ವಿಡಿಬಿ' ಅಕ್ಷರಗಳು ಅಲ್ಲಿಗೆ ಬಂದದ್ದೇ 1918ರಲ್ಲಿ. 1914ರ ನಾಣ್ಯದ ಹೆಗಲಲ್ಲಿ ಅವು ಇದ್ದರೆ ಮುಂದೆ ನೋಡುವುದೇ ಬೇಡ. ಈ ನಾಣ್ಯದಲ್ಲಿ ಉಜ್ಜಿ ಅಳಿಸಿದ್ದರು. ಹತ್ತುಪಟ್ಟು ಲೆನ್ಸಿನಡಿ ಬೆಳಕು ಓರೆಯಾಗಿ ಬೀಳಿಸಿದಾಗ ಅಲ್ಲಿ ನುಣುಪಾದ ತೇಪೆ, ಅದರ ಅಂಚಿನಲ್ಲಿ 'ಬಿ'ಯ ಅರೆ ಹೊಟ್ಟೆ ಕಂಡಿತು.

ಫಿಲಡೆಲ್ಫಿಯಾ ಟಂಕಸಾಲೆಯ, ಗುರುತಿನ ಅಕ್ಷರವಿಲ್ಲದ ಮಾಮೂಲಿ 1914ಕ್ಕೆ 'ಡಿ' ಅಂಟಿಸುವವರೂ ಇದ್ದಾರೆ. ಅಕ್ಷರದ ಬುಡದ ಸುತ್ತ ಬೆಸುಗೆ ಗೆರೆ ಹುಡುಕಿ. 1909-ಎಸ್ ವಿಡಿಬಿಯ (ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯದು, ಆಗ 'ವಿಡಿಬಿ' ನಾಣ್ಯದ ಹಿಂಬದಿಯಲ್ಲಿತ್ತು) ಕಥೆಯೂ ಇದೇ: ಹೊಡೆದದ್ದು ಬರೀ 4.84 ಲಕ್ಷ. ಅಸಲಿ 'ಎಸ್'ನ ಮೇಲಿನ ಸುತ್ತಿನೊಳಗೆ ಉಬ್ಬಿದ ಪುಟ್ಟ ಚುಕ್ಕೆ ಇರುತ್ತದೆ.

ಅಯಸ್ಕಾಂತ ಕೆಲಸಕ್ಕೆ ಬರುವುದು ತಪ್ಪಿ ತಾಮ್ರದಲ್ಲಿ ಹೊಡೆದ ಅಪರೂಪದ್ದು ಅಂತ ಮಾರುವ 1943ರ 'ತಾಮ್ರದ' ಪೆನ್ನಿಗೆ, ಅದೂ ಅರ್ಧ ಮಟ್ಟಿಗೆ. ಆ ವರ್ಷದ ಮಾಮೂಲಿ ಪೆನ್ನಿ ಸತುವು ಲೇಪಿಸಿದ ಉಕ್ಕಿನದು, 2.7 ಗ್ರಾಂ. ಅದಕ್ಕೆ ತಾಮ್ರದ ನೀರು ಕುಡಿಸಿದ್ದರೆ ಅಯಸ್ಕಾಂತಕ್ಕೆ ಅಂಟುತ್ತದೆ. 1948ರ 8 ಕೆರೆದು 3 ಮಾಡಿದ್ದರೆ ಅಂಟದು, ತೂಕವೂ ಸರಿಯಿರುತ್ತದೆ. ಅಲ್ಲಿ 3ರ ಬಾಲ ನೋಡಬೇಕು: ಅಸಲಿಯದು ಉದ್ದವಾಗಿ ಕೆಳಕ್ಕೆ ಇಳಿದಿರುತ್ತದೆ.

ಇಸವಿ ಸ್ಪಷ್ಟವಾಗಲಿ ಅಂತ ಹುಣಸೆಹಣ್ಣು, ನಿಂಬೆರಸ ಹಾಕಿ ತಿಕ್ಕಬೇಡಿ. ಪೂಜೆಯ ತಂಬಿಗೆಯಲ್ಲ ಅದು. ಬರುವ ಗುಲಾಬಿ ಹೊಳಪು ಹರಾಜಿನವರಿಗೆ ದೂರದಿಂದಲೇ ಗೊತ್ತಾಗುತ್ತದೆ, ಅಸಲಿ ನಾಣ್ಯವಾದರೂ ಬೆಲೆ ಬೀಳುತ್ತದೆ.

ಈ ಇಸವಿಗಳನ್ನು ಬಿಡಿಯಾಗಿ ಕೊಳ್ಳಬೇಡಿ. ನಾಣ್ಯ ಪರೀಕ್ಷಿಸಿ ಮೊಹರು ಮಾಡಿದ ಡಬ್ಬಿಯಲ್ಲಿ ಕೊಡುವ ಪಿಸಿಜಿಎಸ್ ಅಥವಾ ಎನ್‌ಜಿಸಿ ಸಂಸ್ಥೆಯ ಡಬ್ಬಿಯಲ್ಲಿದ್ದರೂ ಅದರ ಮೇಲಿನ ನಂಬರನ್ನು ಅವರ ತಾಣದಲ್ಲಿ ಹಾಕಿ, ಅಲ್ಲಿ ಫೋಟೋ ಇದ್ದರೆ ನಾಣ್ಯದ ಗೀರು, ಕಲೆಗಳನ್ನು ಹೋಲಿಸಿ. ಅಸಲಿ ನಂಬರನ್ನೇ ಕದ್ದು ಖೋಟಾ ಡಬ್ಬಿ ಮಾಡುವವರಿದ್ದಾರೆ. ದುಡ್ಡು ಕಳಿಸುವ ಮುಂಚೆ ಇಸವಿಯ, ಹೆಗಲಂಚಿನ ಹತ್ತಿರದ ಫೋಟೋ ಕೇಳಿ. ಕೊಡಲು ಮೀನಮೇಷ ಎಣಿಸಿದರೆ ಆ ವ್ಯಾಪಾರ ಅಲ್ಲಿಗೇ ಬಿಡಿ.