ಪೊರೆ ಆಪರೇಷನ್: ಫೇಕೋನಾ, ಎಸ್‌ಐಸಿಎಸ್ಸಾ?

ಕಣ್ಣಿನ ಪೊರೆ ತೆಗೆಸಲು ಈಗ ಸಾಮಾನ್ಯವಾಗಿ ವಾರ್ಡಿನಲ್ಲಿ ಮಲಗಬೇಕಿಲ್ಲ. ಬೆಳಿಗ್ಗೆ ಹೋದರೆ ಸಂಜೆಯೊಳಗೆ ಮನೆ. ಡಾಕ್ಟರು ಫೇಕೋ (ಯಂತ್ರದಿಂದ ಪೊರೆ ಒಡೆದು ತೆಗೆಯುವುದು), ಎಸ್‌ಐಸಿಎಸ್ (ಸಣ್ಣ ಗಾಯ ಮಾಡಿ ಕೈಯಿಂದಲೇ ತೆಗೆಯುವುದು) ಎಂದು ಎರಡು ವಿಧಾನ ಹೇಳಿದಾಗಲೇ ಗೊಂದಲ ಶುರು.

ಫೇಕೋದಲ್ಲಿ ಗಾಯ ಸುಮಾರು 2ರಿಂದ 3 ಮಿಲಿಮೀಟರ್. ಅಲ್ಟ್ರಾಸೌಂಡ್ ಕಂಪನದಿಂದ ಪೊರೆಯನ್ನು ಒಡೆದು ಹೀರಿ, ಮಡಚಿದ ಕೃತಕ ಲೆನ್ಸ್ ಒಳಗೆ ಬಿಡುತ್ತಾರೆ. ಎಸ್‌ಐಸಿಎಸ್‌ನಲ್ಲಿ ಗಾಯ 6-7 ಮಿಲಿಮೀಟರ್. ಪೊರೆಯನ್ನು ಹೆಚ್ಚಾಗಿ ಇಡಿಯಾಗಿಯೇ ಹೊರಗೆ ತೆಗೆಯುತ್ತಾರೆ. ಎರಡರಲ್ಲೂ ಸಾಮಾನ್ಯವಾಗಿ ಹೊಲಿಗೆ ಇರುವುದಿಲ್ಲ.

ಫೇಕೋ ಆದವರಿಗೆ ದೃಷ್ಟಿ ಬೇಗ ಸರಿಹೋಗುತ್ತದೆ, ಸಿಲಿಂಡರ್ ಪವರ್ (ಕಣ್ಣಿನ ಮುಂಭಾಗದ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದೆ ಬರುವ ಮಸುಕು) ಕಡಿಮೆ ಉಳಿಯುತ್ತದೆ. ಕಂಪ್ಯೂಟರ್ ಮುಂದೆ ಕೂರುವವರಿಗೆ, ಗಾಡಿ ಓಡಿಸುವವರಿಗೆ ನಾನು ಇದನ್ನೇ ಹೇಳುತ್ತೇನೆ. ಹಾಗಂತ ಎಸ್‌ಐಸಿಎಸ್ ಹಳೆಯದು, ಕೆಲಸಕ್ಕೆ ಬಾರದ್ದು ಅನ್ನುವುದು ಸುಮ್ನೆ ಮಾತು. ಪೊರೆ ಬಲಿತು ಕಲ್ಲಿನಂತಾಗಿದ್ದರೆ ಎಷ್ಟೋ ಡಾಕ್ಟರು ಇದನ್ನೇ ಆರಿಸುತ್ತಾರೆ. ದುಬಾರಿ ಯಂತ್ರ ಬೇಡ, ಹಾಗಾಗಿ ಖರ್ಚೂ ಕಡಿಮೆ.

ಜೇಬಿಗೆ ಜಾಸ್ತಿ ಹೊರೆ ಲೆನ್ಸಿನದ್ದು. ಮೋನೋಫೋಕಲ್ (ಒಂದೇ ದೂರಕ್ಕೆ ಹೊಂದಿಸಿದ ಲೆನ್ಸ್) ಸಾಮಾನ್ಯವಾಗಿ ದೂರಕ್ಕೆಂದು ಹಾಕಿಸಿದರೆ ದೂರದ್ದು ಚೆನ್ನಾಗಿ ಕಾಣುತ್ತದೆ, ಪೇಪರ್ ಓದಲು ಕನ್ನಡಕ ಬೇಕು. ದೂರ, ಹತ್ತಿರ ಎರಡಕ್ಕೂ ಆಗುವ ಮಲ್ಟಿಫೋಕಲ್‌ನಲ್ಲಿ ಕನ್ನಡಕದ ಅವಲಂಬನೆ ಕಡಿಮೆ, ಆದರೆ ಕೆಲವರಿಗೆ ರಾತ್ರಿ ದೀಪದ ಸುತ್ತ ಬಳೆಯಂತೆ ಬೆಳಕು ಕಾಣುತ್ತದೆ. ರಾತ್ರಿ ಡ್ರೈವಿಂಗ್ ಇದ್ದರೆ ಇದನ್ನು ಮೊದಲೇ ಕೇಳಿಕೊಳ್ಳಿ.

ವಿಮೆಯಲ್ಲಿ ಇದು ಡೇ ಕೇರ್ ಚಿಕಿತ್ಸೆ, 24 ಗಂಟೆ ಅಡ್ಮಿಟ್ ಆಗಬೇಕಿಲ್ಲ. ಆದರೆ ಅನೇಕ ಪಾಲಿಸಿಗಳಲ್ಲಿ ಪೊರೆಗೆ ಕಾಯುವ ಅವಧಿ (ಪಾಲಿಸಿ ಮಾಡಿಸಿ ಇಷ್ಟು ಕಾಲ ಆದಮೇಲೆಯೇ ಹಣ ಸಿಗುವುದು), ಒಂದು ಕಣ್ಣಿಗೆ ಇಷ್ಟೇ ಎಂಬ ಮಿತಿ ಇರುತ್ತದೆ. ಲೆನ್ಸ್ ಆರಿಸುವ ಮುಂಚೆ ಅದನ್ನು ಓದಿ.