24 ವೋಲ್ಟಿನ ಹೈಬ್ರಿಡ್ ಟ್ಯೂಬ್ ಆಂಪ್: ದಿನಾ ಬಳಸಿದ ಮೇಲೆ ಅನಿಸಿದ್ದು

ಈ ಹೆಡ್‌ಫೋನ್ ಆಂಪ್ ಕಿಟ್‌ನಲ್ಲಿ ಎರಡು ಪುಟ್ಟ ನೀಲಿ ಟ್ರಿಮ್‌ಪಾಟ್‌ಗಳಿವೆ, ಅಂದರೆ ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸಿ ರೆಸಿಸ್ಟೆನ್ಸ್ ಬದಲಾಯಿಸುವ ಭಾಗಗಳು. ಎಡಕ್ಕೊಂದು, ಬಲಕ್ಕೊಂದು. ಮಾರುವವರು ಅವುಗಳ ಬಗ್ಗೆ ಬರೆದಿರುವುದು ಒಂದೇ ಸಾಲು. ಆದರೆ ಈ ಆಂಪ್ ಚೆನ್ನಾಗಿ ಹಾಡುತ್ತದೋ ಇಲ್ಲವೋ ಅನ್ನುವುದು ಪೂರ್ತಿ ಅವೆರಡರ ಕೈಯಲ್ಲಿದೆ. ಅದಕ್ಕೇ ಇಲ್ಲಿ ಅವುಗಳಿಗೆ ಜಾಸ್ತಿ ಜಾಗ ಕೊಡುತ್ತಿದ್ದೇನೆ. ಮಿಕ್ಕಿದ್ದೆಲ್ಲ ಆಮೇಲೆ.

ಸರ್ಕ್ಯೂಟ್ ಹವ್ಯಾಸಿಗಳಿಗೆ ಗೊತ್ತಿರುವಂಥದ್ದೇ. ಮುಂದೆ ಒಂದು 12ಎಯು7 ವ್ಯಾಕ್ಯೂಮ್ ಟ್ಯೂಬ್. ಅದರೊಳಗೆ ಎರಡು ಟ್ರಯೋಡ್ ಇರುವುದರಿಂದ ಒಂದೊಂದು ಚಾನಲ್‌ಗೆ ಒಂದೊಂದು. ಟ್ರಯೋಡ್‌ನಲ್ಲಿ ಬಿಸಿಯಾದ ಕ್ಯಾಥೋಡ್ ಎಲೆಕ್ಟ್ರಾನ್ ಬಿಡುತ್ತದೆ, ಪ್ಲೇಟ್ ಅದನ್ನು ಹಿಡಿಯುತ್ತದೆ, ನಡುವಿನ ಗ್ರಿಡ್ ಹರಿವನ್ನು ಹತೋಟಿಯಲ್ಲಿಡುತ್ತದೆ. ಹಿಂದೆ ಐಆರ್‌ಎಫ್510 ಮಾಸ್‌ಫೆಟ್ (ಗೇಟ್, ಡ್ರೈನ್, ಸೋರ್ಸ್ ಅನ್ನುವ ಮೂರು ಕಾಲಿನ ಒಂದು ಬಗೆಯ ಟ್ರಾನ್ಸಿಸ್ಟರ್), ಅದರ ಕೆಳಗೆ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡಲು ಎಲ್‌ಎಂ317 ರೆಗ್ಯುಲೇಟರ್. ಟ್ಯೂಬ್ ಸಿಗ್ನಲ್‌ನ ವೋಲ್ಟೇಜ್ ಹೆಚ್ಚಿಸುತ್ತದೆ, ಹೆಡ್‌ಫೋನ್ ಓಡಿಸುವ ಕರೆಂಟನ್ನು ಮಾಸ್‌ಫೆಟ್ ಕೊಡುತ್ತದೆ. ಪವರ್‌ಗೆ ಒಂದು 24 ವೋಲ್ಟ್ ಅಡಾಪ್ಟರ್ ಸಾಕು. ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಡ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೊದಲೇ ಬೇಡ. ನನ್ನ ಬಜೆಟ್‌ಗೆ ಟ್ಯೂಬ್ ಅನ್ನೋದು ಎಟುಕಿದ್ದೇ ಇದರಿಂದ.

ಮಾಮೂಲಿ ಟ್ಯೂಬ್ ಆಂಪ್‌ನಲ್ಲಿ ಪ್ಲೇಟ್ ವೋಲ್ಟೇಜ್ 250, 300 ಇರುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರುತ್ತದೆ. ಅಂಥದ್ದನ್ನು ಆನ್ ಮಾಡಿಕೊಂಡು ಒಳಗೆ ಕೈ ಹಾಕುವ ಧೈರ್ಯ ನನಗಿಲ್ಲ, ಹೊಸಬರಿಗೆ ಇರಲೂಬಾರದು. 24 ವೋಲ್ಟ್ ಅಂದರೆ ಆ ಭಯ ಇಲ್ಲ. ಹಾಡು ಓಡುತ್ತಿರುವಾಗಲೇ ಮುಚ್ಚಳ ತೆಗೆಯಬಹುದು, ಮಲ್ಟಿಮೀಟರ್ ಕಡ್ಡಿ ಇಡಬಹುದು, ಟ್ರಿಮ್‌ಪಾಟ್ ತಿರುಗಿಸುತ್ತಾ ಕಿವಿಯಲ್ಲೇ ವ್ಯತ್ಯಾಸ ಕೇಳಬಹುದು. ನನಗೆ ಈ ಹವ್ಯಾಸ ಹಿಡಿಸಿದ್ದು ಈ ಒಂದು ಸೌಲಭ್ಯದಿಂದ. ಹುಷಾರಾಗಿರಬೇಕಾದ ಜಾಗಗಳು ಎರಡೇ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಉಲ್ಟಾ ಕೂರಿಸಿದರೆ ಸಿಡಿಯುತ್ತದೆ. ಐಆರ್‌ಎಫ್510ರ ಬೆನ್ನಿನ ಲೋಹ ಡ್ರೈನ್‌ಗೆ ಸೇರಿರುವುದರಿಂದ ಅದರಲ್ಲಿ ಪೂರ್ತಿ 24 ವೋಲ್ಟ್ ಇರುತ್ತದೆ. ನಡುವೆ ಕರೆಂಟ್ ತಡೆಯುವ ಮೈಕಾ ಹಾಳೆ ಇಲ್ಲದೆ ಹೀಟ್ ಸಿಂಕ್‌ಗೆ ಬಿಗಿದು, ಆ ಹೀಟ್ ಸಿಂಕ್ ಲೋಹದ ಡಬ್ಬಿಗೆ ತಾಗಿತೋ, ಶಾರ್ಟ್.

ಇಷ್ಟು ಕಡಿಮೆ ವೋಲ್ಟೇಜಿಗೆ ಟ್ಯೂಬ್ ಓಡಿಸುವುದು ಹವ್ಯಾಸಿಗಳು ಕಂಡುಹಿಡಿದದ್ದಲ್ಲ. 1950ರ ದಶಕದ ನಡುವಿನಲ್ಲಿ ಕಾರುಗಳು 6 ವೋಲ್ಟ್ ಬ್ಯಾಟರಿ ಬಿಟ್ಟು 12 ವೋಲ್ಟಿಗೆ ಬಂದವು. ಅದುವರೆಗೆ ಕಾರ್ ರೇಡಿಯೋದಲ್ಲಿ ಹೈ ವೋಲ್ಟೇಜ್ ಹುಟ್ಟಿಸಲು ವೈಬ್ರೇಟರ್ (ಬ್ಯಾಟರಿ ಕರೆಂಟನ್ನು ಪದೇ ಪದೇ ಕಡಿದು ಕೂಡಿಸುವ ಸಾಧನ) ಬೇಕಿತ್ತು. ಅದು ಸದ್ದು ಮಾಡುತ್ತಿತ್ತು, ಬೇಗ ಕೆಡುತ್ತಿತ್ತು. ಆಗ 12ಎಇ6, 12ಕೆ5ನಂಥ ಟ್ಯೂಬ್‌ಗಳು ಬಂದವು. ಇವಕ್ಕೆ ಪ್ಲೇಟ್‌ಗೂ ಬ್ಯಾಟರಿಯ 12 ವೋಲ್ಟೇ ಸಾಕಾಗುತ್ತಿತ್ತು. ಸ್ಪೀಕರ್ ಓಡಿಸುವ ಕೆಲಸ ಮಾತ್ರ ಟ್ರಾನ್ಸಿಸ್ಟರ್‌ಗೆ. ನಾವು ಇವತ್ತು ಹೈಬ್ರಿಡ್ ಅನ್ನುವುದು ಅದೇ ಜೋಡಣೆ. ಆಡಿಯೋ ಸರ್ಕ್ಯೂಟ್ ವಿನ್ಯಾಸಕ ಪೀಟ್ ಮಿಲೆಟ್ ತಮ್ಮ ಹೈಬ್ರಿಡ್ ಹೆಡ್‌ಫೋನ್ ಆಂಪ್‌ಗೆ ಬಳಸಿದ್ದು ಇಂಥ ಕಾರ್ ರೇಡಿಯೋ ಟ್ಯೂಬ್‌ಗಳನ್ನೇ. ಆಮೇಲೆ ಅವರು 48 ವೋಲ್ಟ್ ಅಡಾಪ್ಟರ್‌ಗೆ 19ಜೆ6 ಟ್ಯೂಬ್ ಹಾಕಿ ಇನ್ನೂ ಅಗ್ಗದ ಒಂದನ್ನು ಮಾಡಿ ತೋರಿಸಿದರು. ಎಲ್ಲರೂ ಆ ಟ್ಯೂಬ್ ಕೊಳ್ಳಲು ಮುಗಿಬಿದ್ದು, ಹಳೆ ಸ್ಟಾಕ್ ಕರಗಿತು.

ನನ್ನ ಕಿಟ್‌ನ 12ಎಯು7 ಆ ಜಾತಿಯದಲ್ಲ. ಡೇಟಾಶೀಟ್ ನೋಡಿದರೆ ಅದರ ಮಾಮೂಲಿ ಕೆಲಸದ ಸ್ಥಿತಿ ಪ್ಲೇಟ್‌ಗೆ 250 ವೋಲ್ಟ್, ಗ್ರಿಡ್‌ಗೆ ಮೈನಸ್ 8.5, ಕರೆಂಟ್ 10.5 ಮಿಲಿಆಂಪ್. ಈ ಸರ್ಕ್ಯೂಟ್‌ನಲ್ಲಿ ಅದಕ್ಕೆ ಸಿಗುವುದು ಹದಿನೈದು ಚಿಲ್ಲರೆ ವೋಲ್ಟ್, ಅರ್ಧ ಮಿಲಿಆಂಪ್‌ಗೂ ಕಮ್ಮಿ ಕರೆಂಟ್. ಗ್ರಿಡ್ ಹೆಚ್ಚೂಕಮ್ಮಿ ಸೊನ್ನೆಯ ಹತ್ತಿರವೇ ಕೂತಿರುತ್ತದೆ. ತಯಾರಕರು ಟ್ಯೂಬನ್ನು ಈ ಜಾಗದಲ್ಲಿ ಪರೀಕ್ಷೆ ಮಾಡಿರುವುದೇ ಇಲ್ಲ. ಗ್ರಿಡ್ ಸ್ವಲ್ಪ ಆಚೀಚೆ ಇದ್ದರೂ, ಕ್ಯಾಥೋಡ್ ಸ್ವಲ್ಪ ಸವೆದಿದ್ದರೂ 250 ವೋಲ್ಟಿನಲ್ಲಿ ಗೊತ್ತಾಗುವುದಿಲ್ಲ. ಇಲ್ಲಿ ಅದೇ ದೊಡ್ಡದಾಗುತ್ತದೆ. ಟ್ರಿಮ್‌ಪಾಟ್ ಇರುವುದು ಇದನ್ನು ಸರಿಮಾಡಲಿಕ್ಕೆ.

ಅದು ಮಾಡುವ ಕೆಲಸ ಸುಲಭ. ಕ್ಯಾಥೋಡ್ ದಾರಿಯ ರೆಸಿಸ್ಟೆನ್ಸ್ ಬದಲಾಯಿಸಿ ಪ್ಲೇಟ್ ವೋಲ್ಟೇಜನ್ನು ಏರಿಳಿಸುತ್ತದೆ. ಪ್ಲೇಟ್ ನೇರವಾಗಿ ಮಾಸ್‌ಫೆಟ್ ಗೇಟ್‌ಗೆ ಸೇರಿರುವುದರಿಂದ ಔಟ್‌ಪುಟ್ ಕೂಡ ಜೊತೆಗೇ ಏರಿಳಿಯುತ್ತದೆ. ಮಾಸ್‌ಫೆಟ್‌ನ ಸೋರ್ಸ್‌ನಲ್ಲಿ 24ರ ಅರ್ಧ, ಅಂದರೆ 12 ವೋಲ್ಟ್ ನಿಲ್ಲಬೇಕು. ಹಾಗಿದ್ದರೆ ಅಲೆಗೆ ಮೇಲೂ ಕೆಳಗೂ ಸಮ ಜಾಗ. 9ಕ್ಕೆ ಇಳಿದರೆ ಕೆಳಗಿನ ಅರ್ಧ ಬೇಗ ಕತ್ತರಿಸಿಹೋಗುತ್ತದೆ, ಜೋರಾದ ಕಡೆ ದನಿ ಒಡೆಯುತ್ತದೆ.

ನನಗೆ ತುಂಬಾ ಇಷ್ಟವಾದ ಕ್ಷಣ ಆನ್ ಮಾಡಿದ ಮೊದಲ ನಿಮಿಷ. ಹೆಡ್‌ಫೋನ್ ಚುಚ್ಚುವುದಿಲ್ಲ. ಮಲ್ಟಿಮೀಟರನ್ನು ಎಡ ಚಾನಲ್‌ಗೆ ಹಿಡಿಯುತ್ತೇನೆ. ಟ್ಯೂಬ್ ತಣ್ಣಗಿರುವಾಗ ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಪ್ಲೇಟ್ 24ರಲ್ಲೇ ಇರುತ್ತದೆ, ಸೋರ್ಸ್ 20ರ ಆಸುಪಾಸು. ಹೀಟರ್ ಕೆಂಪಗಾಗತೊಡಗಿದಂತೆ ಅಂಕಿ ಅಲುಗುತ್ತದೆ. 20, 19, ಸ್ವಲ್ಪ ತಡೆದು 17, ಆಮೇಲೆ ಸರಸರ 14, 13. ಕೊನೆಗೆ 12ರ ಹತ್ತಿರ ಬಂದು ನಿಧಾನವಾಗಿ ಕೂರುತ್ತದೆ. ಕ್ಯಾಥೋಡ್ ಬಿಸಿಯಾಗಿ ಎಲೆಕ್ಟ್ರಾನ್ ಬಿಡಲು ಶುರು ಮಾಡಿದ್ದನ್ನು ಹೀಗೆ ಅಂಕಿಯಲ್ಲಿ ನೋಡಬಹುದು. ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ಇದು ಸಿಗುವುದಿಲ್ಲ. ಆಮೇಲೆ ಬಲ ಚಾನಲ್. ಬೇಕಾದರೆ ಟ್ರಿಮ್‌ಪಾಟನ್ನು ಕೂದಲೆಳೆಯಷ್ಟು ತಿರುಗಿಸುವುದು, ಕಾಯುವುದು, ಮತ್ತೆ ನೋಡುವುದು. ಎರಡೂ ಕಡೆ ಸರಿಬಂದ ಮೇಲೆ ಹೆಡ್‌ಫೋನ್ ಚುಚ್ಚುತ್ತೇನೆ.

ಹೀಗೆ ಕಾಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಔಟ್‌ಪುಟ್ ಕೆಪಾಸಿಟರ್ ಆನ್ ಆದಾಗ 20 ವೋಲ್ಟ್‌ವರೆಗೆ ಚಾರ್ಜ್ ಆಗುತ್ತದೆ. ಹೆಡ್‌ಫೋನ್ ಸಿಕ್ಕಿಸಿದ್ದರೆ ಆ ಕರೆಂಟ್ ಅದರ ಮೂಲಕವೇ ಹೋಗಿ ‘ಢಬ್’ ಅನ್ನುತ್ತದೆ. ಔಟ್‌ಪುಟ್‌ನಿಂದ ಗ್ರೌಂಡ್‌ಗೆ ಒಂದು ಕಿಲೋಓಮ್‌ನ ಆಸುಪಾಸಿನ ರೆಸಿಸ್ಟರ್ ಇದ್ದರೆ ಕೆಪಾಸಿಟರ್ ಅದರ ಮೂಲಕ ಚಾರ್ಜ್ ಆಗುತ್ತದೆ, ನಾವು ಆಮೇಲೆ ಚುಚ್ಚಿದರೆ ಸದ್ದಿಲ್ಲ. ಕೆಲವರು ತಡವಾಗಿ ಕೂಡಿಕೊಳ್ಳುವ ರಿಲೇ ಹಾಕುತ್ತಾರೆ. ಒಳ್ಳೆಯದೇ. ನನಗೆ ಕೈಯಲ್ಲಿ ಮಾಡುವುದೇ ರೂಢಿ.

ಈಗ ಬೇಜಾರಿನ ವಿಷಯ. ಇಷ್ಟು ಮುಖ್ಯವಾದ ಟ್ರಿಮ್‌ಪಾಟ್‌ಗಳನ್ನು ಈ ಕಿಟ್ ಮಾಡಿದವರು ಎಲ್ಲಿಟ್ಟಿದ್ದಾರೆ ಗೊತ್ತಾ? ಹೀಟ್ ಸಿಂಕ್‌ಗೂ ದೊಡ್ಡ ಕೆಪಾಸಿಟರ್‌ಗೂ ನಡುವಿನ ಸಂದಿಯಲ್ಲಿ, ತಿರುಪು ಪಕ್ಕಕ್ಕೆ ಮುಖ ಮಾಡಿಕೊಂಡು. ಬಿಸಿ ಹೀಟ್ ಸಿಂಕ್‌ಗೆ ಬೆರಳು ತಾಗಿಸದೆ ಸ್ಕ್ರೂಡ್ರೈವರ್ ಇಡಲು ಆಗುವುದೇ ಇಲ್ಲ. ಅಳೆಯಲು ಟೆಸ್ಟ್ ಪಾಯಿಂಟ್ ಕೂಡ ಇಲ್ಲ. ಮಾಸ್‌ಫೆಟ್‌ನ ಕಾಲಿಗೇ ಕಡ್ಡಿ ಒತ್ತಿ ಹಿಡಿಯಬೇಕು. ಕಾಲುಗಳ ನಡುವೆ ಜಾಗ ಇರುವುದೇ ಅಷ್ಟು, ಕಡ್ಡಿ ಜಾರಿದರೆ ಎರಡು ಕಾಲು ಕೂಡಿಕೊಳ್ಳುತ್ತವೆ. ಕೇಳಿದ್ದಕ್ಕೆ ಬಂದ ಉತ್ತರ: ಒಂದು ಸಲ ಸೆಟ್ ಮಾಡಿದರೆ ಮತ್ತೆ ಮುಟ್ಟಬೇಕಾಗಿಲ್ಲ. ಇದು ಸುಳ್ಳು. ಟ್ಯೂಬ್ ಹೊಸದಿರುವಾಗ ಮೊದಲ ಕೆಲವು ವಾರ ವೋಲ್ಟೇಜ್ ಸರಿಯುತ್ತಲೇ ಇರುತ್ತದೆ. ಟ್ಯೂಬ್ ಬದಲಾಯಿಸಿದರಂತೂ ಮತ್ತೆ ಮೊದಲಿಂದ. ಟ್ಯೂಬ್ ಬದಲಾಯಿಸಿ ಆನಂದಿಸಿ ಅಂತ ಮಾರುವವರೇ ಬರೆದುಕೊಂಡಿದ್ದಾರೆ. ಹಾಗೆ ಬರೆದವರು ಬದಲಾಯಿಸಿದ ಮೇಲೆ ಮಾಡಬೇಕಾದ ಕೆಲಸಕ್ಕೆ ಜಾಗ ಬಿಡಬೇಡವಾ?

ಇದರ ಫಲ ಏನಾಗುತ್ತದೆ ಅಂದರೆ, ಎಷ್ಟೋ ಜನ ಹೊಸ ಟ್ಯೂಬ್ ಹಾಕಿ, ಅಳೆಯದೇ ಕೇಳಿ, ಇದರ ದನಿ ಒರಟು, ಅದರದ್ದು ಮೆತ್ತಗೆ ಅಂತ ತೀರ್ಪು ಕೊಡುತ್ತಾರೆ. ಅವರು ಕೇಳುತ್ತಿರುವುದು ಬಹಳ ಸಲ ತಪ್ಪು ಬಯಾಸ್, ಅಂದರೆ 12ರಲ್ಲಿ ನಿಲ್ಲದ ವೋಲ್ಟೇಜ್. ನನ್ನ ಹತ್ತಿರ ಇರುವ ಟ್ಯೂಬ್‌ಗಳನ್ನು ಎಲ್ಲವನ್ನೂ 12ಕ್ಕೆ ತಂದು ಕೇಳಿದಾಗ ವ್ಯತ್ಯಾಸ ತೀರಾ ಸಣ್ಣದು. ಎರಡೂ ಅರ್ಧ ಸಮ ಇರುವಂತೆ ಆರಿಸಿದ್ದೇವೆ ಅಂತ ಜಾಸ್ತಿ ದುಡ್ಡಿಗೆ ಮಾರುವ ಟ್ಯೂಬ್ ಕೂಡ ತಂದು ನೋಡಿದೆ. ಆ ಆರಿಸುವಿಕೆ ನಡೆಯುವುದು ಸಾಮಾನ್ಯವಾಗಿ ನೂರಕ್ಕೂ ಮೇಲಿನ ವೋಲ್ಟೇಜಿನಲ್ಲಿ. ನಮ್ಮ 15 ವೋಲ್ಟಿನಲ್ಲಿ ಅದರ ಎರಡು ಅರ್ಧ ಬೇರೆ ಬೇರೆ ಕಡೆ ನಿಂತವು. ಹೆಸರಿಲ್ಲದ ಒಂದು ಹಳೆ ಟ್ಯೂಬ್ ಅದಕ್ಕಿಂತ ಚೆನ್ನಾಗಿ ಹೊಂದಿಕೊಂಡಿತು. ಈ ಸರ್ಕ್ಯೂಟ್‌ಗೆ ಅಂಥ ಟ್ಯೂಬ್‌ಗೆ ದುಡ್ಡು ಸುರಿಯಬೇಡಿ.

ಕೊನೆಗೆ ನಾನು ಮಾಡಿದ್ದು ಹೀಗೆ. ಬೋರ್ಡ್ ಮೇಲಿನ ಟ್ರಿಮ್‌ಪಾಟ್‌ಗಳನ್ನು ಬಿಚ್ಚಿ, ಮೇಲ್ಮುಖದ ಮಲ್ಟಿಟರ್ನ್ ಟ್ರಿಮ್‌ಪಾಟ್‌ಗಳನ್ನು ಚಿಕ್ಕ ಚೂರು ಬೋರ್ಡ್‌ನಲ್ಲಿ ಹಾಕಿ, ಗಿಡ್ಡ ವೈರ್‌ನಲ್ಲಿ ಟ್ಯೂಬ್ ಸಾಕೆಟ್ ಪಕ್ಕಕ್ಕೆ ತಂದೆ. ಮುಚ್ಚಳದಲ್ಲಿ ಅವುಗಳ ನೇರಕ್ಕೆ ಎರಡು ತೂತು. ಎರಡೂ ಸೋರ್ಸ್‌ನಿಂದ ಒಂದೊಂದು 10 ಕಿಲೋಓಮ್ ರೆಸಿಸ್ಟರ್ ಮೂಲಕ ವೈರ್ ಎಳೆದು ಹಿಂಬದಿಯ ಸಣ್ಣ ಸಾಕೆಟ್‌ಗಳಿಗೆ ಕೊಟ್ಟೆ. ಮೀಟರ್‌ನ ಒಳಗಿನ ರೆಸಿಸ್ಟೆನ್ಸ್ 10 ಮೆಗಾಓಮ್ ಇರುವುದರಿಂದ ಓದುವ ಅಂಕಿಗೆ ಇದರಿಂದ ತೊಂದರೆ ಇಲ್ಲ. ಕಡ್ಡಿ ಅಕಸ್ಮಾತ್ ಎಲ್ಲಿಗಾದರೂ ತಾಗಿದರೂ ಏನೂ ಸುಡುವುದಿಲ್ಲ. ಒಂದು ಸಂಜೆಯ ಕೆಲಸ. ಆಂಪ್ ಜೊತೆಗಿನ ನನ್ನ ಜಗಳ ಅಲ್ಲಿಗೆ ಮುಗಿಯಿತು.

ಅದಾದ ಮೇಲೆ ನೆಮ್ಮದಿಯಾಗಿ ಕೇಳಲು ಶುರುವಾಯಿತು. 300 ಓಮ್‌ನ ದೊಡ್ಡ ಹೆಡ್‌ಫೋನ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ. ಹಾಡುವವರ ದನಿ ಸ್ವಲ್ಪ ಹತ್ತಿರ ಬಂದಂತೆ, ತುಂಬಿದಂತೆ ಕೇಳುತ್ತದೆ. ಇದರಲ್ಲಿ ಮಂತ್ರ ಏನಿಲ್ಲ. ಇಷ್ಟು ಕಡಿಮೆ ವೋಲ್ಟೇಜಿನ ಟ್ರಯೋಡ್ ಎರಡನೇ ಹಾರ್ಮೋನಿಕ್ ಸೇರಿಸುತ್ತದೆ, ಅಂದರೆ ಮೂಲ ಸ್ವರದ ಒಂದು ಸ್ಥಾಯಿ ಮೇಲಿನ ಅದೇ ಸ್ವರ. ಕಿವಿಗೆ ಅದು ಹಿತ. ಸ್ವಚ್ಛವಾಗಿ, ಇದ್ದದ್ದು ಇದ್ದ ಹಾಗೇ ಕೇಳಬೇಕು ಅನ್ನುವವರಿಗೆ ಒಳ್ಳೆಯ ಆಪ್‌ಆಂಪ್ (ಆಂಪ್ಲಿಫೈಯರ್ ಚಿಪ್) ಸರ್ಕ್ಯೂಟ್ ಇದಕ್ಕಿಂತ ಅಗ್ಗ, ಇದಕ್ಕಿಂತ ನಿಖರ. ನಾನು ರಾತ್ರಿ ಒಂದೆರಡು ಗಂಟೆ, ಮೆಲ್ಲಗೆ, ಬರೀ ಹಾಡುಗಾರಿಕೆ ಮತ್ತು ತಂತಿವಾದ್ಯ ಕೇಳುವವನು. ನನಗೆ ಇದೇ ಬೇಕು.

32 ಓಮ್‌ನ ಹೆಡ್‌ಫೋನ್ ಇದ್ದರೆ ಔಟ್‌ಪುಟ್ ಕೆಪಾಸಿಟರ್ ನೋಡಿಕೊಳ್ಳಿ. ಕಿಟ್‌ನಲ್ಲಿ ಬಂದ 470 ಮೈಕ್ರೋಫ್ಯಾರಡ್‌ಗೆ 32 ಓಮ್‌ನಲ್ಲಿ ಬಾಸ್ ಇಳಿಯಲು ಶುರುವಾಗುವುದು ಸುಮಾರು 10 ಹರ್ಟ್ಜ್‌ನಲ್ಲಿ. 1000 ಹಾಕಿದರೆ 5. ನಾನು 1000 ಹಾಕಿದೆ, ಇಂಥ ಸಣ್ಣ ಖರ್ಚಿಗೆ ಯೋಚನೆ ಮಾಡಬೇಕಾಗಿಲ್ಲ.

ಅಡಾಪ್ಟರ್ ಸದ್ದಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಟ್ಯೂಬ್‌ನ ಪ್ಲೇಟ್ ರೆಸಿಸ್ಟರ್ ನೇರ 24 ವೋಲ್ಟ್‌ಗೆ ಸೇರಿದ್ದರೆ ಅಡಾಪ್ಟರ್‌ನ ಕಲ್ಮಶವೆಲ್ಲ ಸಿಗ್ನಲ್‌ಗೆ ಬೆರೆಯುತ್ತದೆ. ಆ ದಾರಿಯಲ್ಲಿ 1 ಕಿಲೋಓಮ್ ರೆಸಿಸ್ಟರ್, ಅದರ ಆಚೆ ಗ್ರೌಂಡ್‌ಗೆ 1000 ಮೈಕ್ರೋಫ್ಯಾರಡ್ ಹಾಕಿ. ಎರಡು ಚಾನಲ್ ಸೇರಿ ಕರೆಂಟ್ ಒಂದು ಮಿಲಿಆಂಪ್ ಒಳಗೇ ಇರುವುದರಿಂದ ಒಂದು ವೋಲ್ಟ್ ಕೂಡ ನಷ್ಟವಾಗುವುದಿಲ್ಲ. ನನ್ನದರಲ್ಲಿ ಸಣ್ಣ ಗುಂಯ್ ಸದ್ದು ಇದಾದ ಮೇಲೆ ಪೂರ್ತಿ ಹೋಯಿತು.

ಟ್ಯೂಬ್ ತಟ್ಟಿದರೆ ಕಿವಿಯಲ್ಲಿ ‘ಟಿಂಗ್’ ಅನ್ನುವುದು ಮಾತ್ರ ಹೋಗಿಲ್ಲ. ವಾಲ್ಯೂಮ್ ತಿರುಗಿಸಿದರೂ ಸಣ್ಣಗೆ ಕೇಳುತ್ತದೆ. ಸಾಕೆಟ್ ಬೋರ್ಡ್ ಕೆಳಗೆ ರಬ್ಬರ್ ಗ್ರಾಮೆಟ್ ಹಾಕಿದ ಮೇಲೆ ಎಷ್ಟೋ ವಾಸಿ. ಇದೇ ತಲೆನೋವು ಕೋರ್ಗ್ ಕಂಪನಿಯ ನ್ಯೂಟ್ಯೂಬ್ 6ಪಿ1ರಲ್ಲಿ ಇನ್ನೂ ಜಾಸ್ತಿ. ಅದು ಹಳೆ ಡಿಸ್‌ಪ್ಲೇ ತಂತ್ರದಲ್ಲಿ ಮಾಡಿದ ಚಪ್ಪಟೆ ಟ್ರಯೋಡ್. ಹೀಟರ್‌ಗೆ ಬರೀ 0.7 ವೋಲ್ಟ್ ಸಾಕು, ಕಡಿಮೆ ವೋಲ್ಟೇಜಿಗೇ ಹುಟ್ಟಿದ್ದು. ಆದರೆ ಒಳಗಿನ ಸಣ್ಣ ತಂತಿ ಅಲುಗಾಡಿದರೆ ಸಾಕು, ಗಂಟೆ ಹೊಡೆದ ಹಾಗೆ ರಿಂಗಣಿಸುತ್ತದೆ.

ಟ್ಯೂಬ್ ಕೆಳಗೆ ನೀಲಿ ಎಲ್‌ಇಡಿ ಕೂರಿಸಿದ್ದರು. ಅದನ್ನು ಮೊದಲ ದಿನವೇ ಕಿತ್ತೆ. ಹೀಟರ್‌ನ ಮಂದ ಕಿತ್ತಳೆ ಬೆಳಕು ಅದರ ಮುಂದೆ ಕಾಣುವುದೇ ಇಲ್ಲ.

ಬಿಸಿ ನಿಜವಾದ ಲೋಪ. ಕಿಟ್‌ನ 10 ಓಮ್ ರೆಸಿಸ್ಟರ್‌ನಿಂದ ಎಲ್‌ಎಂ317 ಪ್ರತಿ ಚಾನಲ್‌ಗೆ 125 ಮಿಲಿಆಂಪ್ ಎಳೆಯುತ್ತದೆ. ಹೀಟರ್‌ನ 150 ಸೇರಿಸಿ, ಒಟ್ಟು ಸುಮಾರು 400 ಮಿಲಿಆಂಪ್. 24 ವೋಲ್ಟ್‌ಗೆ ಹತ್ತು ವಾಟ್ ಹತ್ತಿರ. ಕಿವಿಗೆ ಹೋಗುವುದು ಕೆಲವೇ ಮಿಲಿವಾಟ್, ಉಳಿದದ್ದೆಲ್ಲ ಬಿಸಿ. ಹಾಡು ಇರಲಿ ಬಿಡಲಿ ಕರೆಂಟ್ ಸದಾ ಹರಿಯುವ ಈ ಬಗೆಗೆ ಕ್ಲಾಸ್ ಎ ಅನ್ನುತ್ತಾರೆ, ಅದು ಹೀಗೇ. ನನಗೆ 300 ಓಮ್‌ಗೆ ಅಷ್ಟು ಕರೆಂಟ್ ಬೇಡ, 12 ಓಮ್ ಹಾಕಿ 104 ಮಿಲಿಆಂಪ್‌ಗೆ ಇಳಿಸಿದೆ. ಹೀಟ್ ಸಿಂಕ್ ಮೇಲೆ ಬೆರಳಿಡುವಂತಾಯಿತು. ಡಬ್ಬಿಗೆ ಮೇಲೂ ಕೆಳಗೂ ಗಾಳಿ ತೂತು ಇರಲೇಬೇಕು.

ಕಿಟ್ ತಗೊಳ್ಳುವವರು ಮೊದಲು ಬೋರ್ಡ್‌ನ ಫೋಟೋ ದೊಡ್ಡದು ಮಾಡಿ ನೋಡಿ. ಟ್ರಿಮ್‌ಪಾಟ್ ಎಲ್ಲಿದೆ, ತಿರುಪು ಯಾವ ಕಡೆಗಿದೆ, ಟೆಸ್ಟ್ ಪಾಯಿಂಟ್ ಇದೆಯಾ. ಇಲ್ಲದಿದ್ದರೆ ಬೇರೆ ಕಿಟ್ ಹುಡುಕಿ, ಅಥವಾ ನನ್ನ ಹಾಗೆ ಒಂದು ಸಂಜೆ ಮೀಸಲಿಡಿ. ಇನ್ನು ಕಿವಿಯೊಳಗೆ ತೂರಿಸುವ ಸೂಕ್ಷ್ಮ ಇಯರ್‌ಫೋನ್ ಮಾತ್ರ ಬಳಸುವವರಿಗೆ ಈ ಆಂಪ್ ಬೇಡ. ಹಾಡು ನಿಂತಾಗ ಟ್ಯೂಬ್‌ನ ಸಣ್ಣ ಹಿಸ್ ಕೇಳುತ್ತಲೇ ಇರುತ್ತದೆ, ಟ್ರಿಮ್‌ಪಾಟ್ ಎಷ್ಟೇ ತಿರುಗಿಸಿದರೂ ಅದು ಹೋಗುವುದಿಲ್ಲ.